ದೀಕ್ಷಾಸ್ನಾನವೋ, ಸ್ನಾನದೀಕ್ಷೆಯೋ?

ಕ್ರೈಸ್ತಮತವನ್ನು ಸೇರುವವನಿಗೆ ನಡೆಯತಕ್ಕ ಜಲಸಂಸ್ಕಾರದ ವಿಷಯದಲ್ಲಿ ನಮ್ಮ ಸೀಮೆಯ ವಿದ್ಯಾವಂತರು ಎರಡು ಬಗೆಯಾಗಿ ಮಾತನಾಡುವುದುಂಟು. "ಒಂದು ಚೊಂಬು ನೀರು ತಲೆಯ ಮೇಲೆ ಬಿದ್ದ ಮಾತ್ರಕ್ಕೆ ಹುಟ್ಟು ಅಳಿಯುತ್ತದೆಯೆ?" ಎಂದು ನಗುವವರದು ಒಂದು ಪಕ್ಷ. "ನಮ್ಮ ಗಂಗಾಸ್ನಾನದಂತೆ ಅವರದೂ ಒಂದು ಪುಣ್ಯಸ್ನಾನ, ಎಲ್ಲವೂ ಒಂದೇ" ಎಂದು ಉದಾರವಾಗಿ ಹೇಳಿ ಎದ್ದುಹೋಗುವವರದು ಇನ್ನೊಂದು. ಮೊದಲನೆಯವರದು ಅವಹೇಳನ, ಎರಡನೆಯವರದು ಸೌಜನ್ಯ. ಆದರೆ ತಪ್ಪು ಇಬ್ಬರದೂ ಒಂದೇ. ಆ ಕರ್ಮವನ್ನು ಇಬ್ಬರೂ ಸ್ನಾನವೆಂದು ತಿಳಿದಿದ್ದಾರೆ.

ಈ ತಪ್ಪಿಗೆ ಕನ್ನಡದ ಪದವೂ ಅಷ್ಟಿಷ್ಟು ಕಾರಣವಾಗಿದೆಯೆಂಬುದು ನನ್ನ ವಾದ. ಬಳ್ಳಾರಿಯವರಾದ ನಮಗೆ ಈ ಪದವಿಚಾರ ಪರರ ಮನೆಯದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದನು. 1831ರಲ್ಲಿ ಇಡೀ ಗ್ರಂಥವು ಕನ್ನಡದಲ್ಲಿ ಪ್ರಕಟವಾಯಿತು. ಅವನ ಸಹಚರನಾದ ವಿಲಿಯಂ ರೀವ್ ಕನ್ನಡಕ್ಕೆ ನಿಘಂಟುಗಳನ್ನು ಕಟ್ಟಿದನು. ಗ್ರೀಕ್ ಭಾಷೆಯ ಮೂಲಪದಕ್ಕೆ ಮುಳುಗಿಸುವುದು, ಅದ್ದುವುದು ಎಂದರ್ಥ. ಹಡಗು ಮುಳುಗಿದುದಕ್ಕೂ ಆ ಕ್ರಿಯಾಪದವು ಸಲ್ಲುತ್ತದೆ. ಇದನ್ನು ದೇಶಭಾಷೆಗೆ ತರುವುದು ಎಷ್ಟು ಮುಳ್ಳಿನ ಕೆಲಸವೆಂಬುದಕ್ಕೆ ಬಂಗಾಳವೇ ಸಾಕ್ಷಿ. 1830ರ ದಶಕದಲ್ಲಿ ಬ್ಯಾಪ್ಟಿಸ್ಟ್ ಪಂಥದ ಪಾದ್ರಿಗಳು ಬಂಗಾಳಿ ಹೊಸ ಒಡಂಬಡಿಕೆಯಲ್ಲಿ 'ಮುಳುಗಿಸು' ಎಂಬರ್ಥದ ಮಾತನ್ನೇ ಇಟ್ಟರೆಂದು ಬೈಬಲ್ ಸೊಸೈಟಿಯು ಅದಕ್ಕೆ ಸಹಾಯಕೊಡಲು ಒಪ್ಪಲಿಲ್ಲ. ಒಂದು ಶಬ್ದಕ್ಕಾಗಿ ಸಂಸ್ಥೆಗಳೇ ಒಡೆದವು. ವೈಯಾಕರಣರ ಜಗಳವೆಂದು ನಮ್ಮನ್ನು ನಗುವವರು ಇದನ್ನೂ ಗಮನಿಸಲಿ!

ಕನ್ನಡದಲ್ಲಿ ಈಗ ಮೂರು ಮಾತುಗಳು ರೂಢಿಯಲ್ಲಿವೆ. ಪ್ರಾಟೆಸ್ಟಂಟರ ಹಳೆಯ ಸತ್ಯವೇದದಲ್ಲಿ 'ದೀಕ್ಷಾಸ್ನಾನ'ವಿದೆ. ಕೆಲವು ಅನುವಾದಗಳು ಗ್ರೀಕ್ ಪದವನ್ನೇ 'ಬಾಪ್ತಿಸ್ಮ' ಎಂದು ಉಳಿಸಿಕೊಂಡಿವೆ. ಅರ್ಥ ತಿಳಿಯದವನಿಗೆ ಅದು ಬರಿಯ ಸದ್ದು. ಕಥೋಲಿಕರೂ ಬಳಸುವ ಈಚಿನ ಅನುವಾದದಲ್ಲಿ 'ಸ್ನಾನದೀಕ್ಷೆ' ಎಂದಿದೆ. ಪದಗಳು ಅವೇ ಎರಡು, ಹಿಂದುಮುಂದಾದರೆ ಏನು ಹೋಯಿತು ಎನ್ನಬೇಡಿ. ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನವೆಂಬುದು ಪಾಠಶಾಲೆಯ ಮೊದಲ ವರ್ಷದ ಹುಡುಗನಿಗೂ ತಿಳಿದದ್ದು. ದೀಕ್ಷಾಸ್ನಾನವೆಂದರೆ ದೀಕ್ಷೆಗಾಗಿ ಮಾಡುವ ಸ್ನಾನ. ನಮ್ಮ ಧರ್ಮಶಾಸ್ತ್ರದಲ್ಲಿ ಸ್ನಾನಗಳಿಗೆ ನಿತ್ಯ, ನೈಮಿತ್ತಿಕ, ಕಾಮ್ಯ, ಕ್ರಿಯಾಂಗ ಮೊದಲಾದ ವಿಭಾಗಗಳಿವೆ. ಈ ಸ್ನಾನವು ಅವುಗಳಲ್ಲಿ ಕ್ರಿಯಾಂಗವಾಗುತ್ತದೆ, ಎಂದರೆ ಬೇರೊಂದು ಮುಖ್ಯಕರ್ಮಕ್ಕೆ ಅಂಗ. ಹಾಗಾದರೆ ಅಂಗಿಯೆಲ್ಲಿ? ಸ್ನಾನದ ಬಳಿಕ ದೀಕ್ಷೆಯೆಂಬ ಬೇರೆ ಕರ್ಮವೇನೂ ಅಲ್ಲಿಲ್ಲ. ಸ್ನಾನದಿಂದಲೇ ಆಗುವ ದೀಕ್ಷೆ ಅದು. ಆದುದರಿಂದ ಸ್ನಾನದೀಕ್ಷೆಯೆಂಬುದೇ ಸಾಧು.

ಇದು ನನ್ನ ಕಲ್ಪನೆಯೆ, ಅಲ್ಲವೆ ಎಂಬುದನ್ನು ಆ ಮತದ ಆದಿಗ್ರಂಥಗಳೇ ಹೇಳಲಿ. ಕ್ರಿ.ಶ. 57ರ ಸುಮಾರಿಗೆ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಕೊಳೆ ತೊಳೆಯುವ ಮಾತೇ ಇಲ್ಲ; ಇರುವುದು ಸಾವಿನ ಮಾತು. ನೀರಿಗಿಳಿದವನು ಕ್ರಿಸ್ತನ ಮರಣದಲ್ಲಿ ಪಾಲುಗೊಂಡು ಅವನೊಡನೆ ಹೂಳಲ್ಪಟ್ಟನು, ಮೇಲೆದ್ದವನು ಹೊಸ ಬಾಳಿಗೆ ಎದ್ದನು ಎಂಬುದು ಅಲ್ಲಿಯ ತಾತ್ಪರ್ಯ. ನೀರು ಅಲ್ಲಿ ತೊಳೆಯುವ ವಸ್ತುವಾಗುವುದಕ್ಕೆ ಮುಂಚೆ ಸಮಾಧಿ. ಯೋಹಾನನ ಸುವಾರ್ತೆಯಲ್ಲಿ ಅದೇ ನೀರು ಗರ್ಭ, ಎರಡನೆಯ ಜನ್ಮದ ಸ್ಥಾನ. ಪಾಪಕ್ಷಾಲನದ ಭಾವವೂ ಆ ಗ್ರಂಥಗಳಲ್ಲಿ ಇದೆ, ನಿಜ. ಆದರೆ ಸತ್ತು ಹುಟ್ಟಿದವನಿಗೆ ಹಳೆಯ ಸಾಲವಿಲ್ಲವೆಂಬ ಅರ್ಥದಲ್ಲಿ ಅದು ಬರುತ್ತದೆ.

ವೈದಿಕರಿಗೆ ಇದು ಅಪರಿಚಿತವಾಗಿ ಕಾಣಬೇಕಾಗಿಲ್ಲ. ಸೋಮಯಾಗದಲ್ಲಿ ದೀಕ್ಷಿತನಾಗುವವನನ್ನು ಋತ್ವಿಜರು ನೀರೆರೆದು ಮತ್ತೆ ಗರ್ಭವಾಗಿ ಮಾಡುತ್ತಾರೆಂದು ಐತರೇಯ ಬ್ರಾಹ್ಮಣವು ಹೇಳುತ್ತದೆ. ಸಂನ್ಯಾಸಿಯು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡು ಹೊರಡುತ್ತಾನೆ. ಭೇದವಿಷ್ಟೆ: ಯಜ್ಞದ ದೀಕ್ಷೆ ಅವಭೃಥಸ್ನಾನದೊಡನೆ ಮುಗಿಯುತ್ತದೆ, ಇದು ಮುಗಿಯುವುದಿಲ್ಲ.

ಮುಗಿಯದ್ದರಿಂದಲೇ ಮರಳಿಸುವಂತಿಲ್ಲ. ಗಂಗಾಸ್ನಾನಪಕ್ಷದವರು ಇಲ್ಲಿ ಉತ್ತರ ಹೇಳಬೇಕು. 2020ರಲ್ಲಿ ತುಂಗಭದ್ರೆಗೆ ಪುಷ್ಕರ ಬಂದಿತು. ಅಂದು ಮಿಂದವರು 2032ರಲ್ಲಿ ಮತ್ತೆ ಮೀಯಬಹುದು, ನಡುವೆ ಏಕಾದಶಿಗೊಮ್ಮೆ ಮಿಂದರೂ ಬೇಡವೆನ್ನುವವರಿಲ್ಲ. ಕ್ರೈಸ್ತನಿಗೆ ಆ ಮುಳುಗು ಒಂದೇ ಸಲ. ಮೂರನೆಯ ಶತಮಾನದ ನಡುವೆ, 255-256ರ ಹೊತ್ತಿಗೆ, ಕಾರ್ಥೇಜಿನ ಸಿಪ್ರಿಯಾನನಿಗೂ ರೋಮಿನ ಸ್ಟೆಫಾನನಿಗೂ ಈ ವಿಷಯದಲ್ಲಿ ದೊಡ್ಡ ಕದನವಾಯಿತು. ಪಾಷಂಡಿಗಳಿಂದ ದೀಕ್ಷೆ ಪಡೆದು ಬಂದವನಿಗೆ ಸಂಸ್ಕಾರ ಮಾಡಬೇಕೆ, ಬೇಡವೆ? ಮೊದಲಿನದು ದೀಕ್ಷೆಯೇ ಅಲ್ಲವೆಂದು ಒಬ್ಬನು, ದೀಕ್ಷೆಯೇ ಹೌದೆಂದು ಇನ್ನೊಬ್ಬನು. ಎರಡು ಸಲ ಆಗಕೂಡದೆಂಬಲ್ಲಿ ಮಾತ್ರ ಇಬ್ಬರೂ ಒಂದೇ. ಕಾನ್‌ಸ್ಟಂಟೈನ್ ಚಕ್ರವರ್ತಿಯು ಅದನ್ನು ಮುಂದಕ್ಕೆ ಹಾಕುತ್ತ ಹಾಕುತ್ತ 337ರಲ್ಲಿ ಮರಣಶಯ್ಯೆಯಲ್ಲಿ ಪಡೆದನು. ತಿರುಗಿ ತಿರುಗಿ ಮಾಡಬಹುದಾದ ಪುಣ್ಯಸ್ನಾನವಾಗಿದ್ದರೆ ಅಷ್ಟು ದೊಡ್ಡ ಅರಸನು ಅದಕ್ಕೆ ಅಷ್ಟು ಕಾಯುತ್ತಿದ್ದನೆ?

ಇನ್ನು ಚೊಂಬಿನ ಪಕ್ಷ. ನೀರಿನ ಅಳತೆಯ ಮೇಲೆ ನಗುವವರಿಗೆ ಡಿಡಖೆ ಎಂಬ ಅತಿ ಪ್ರಾಚೀನವಾದ ಕೈಪಿಡಿಯು ಎಂದೋ ಸಮಾಧಾನ ಹೇಳಿದೆ. ಹರಿಯುವ ನೀರು ಉತ್ತಮ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಯಾವುದೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಎರೆದರೆ ಸಾಕು. ಆದರೆ ಮುನ್ನ ಒಂದೆರಡು ದಿನದ ಉಪವಾಸವು ತಪ್ಪದು. ನೀರಿಗೆ ವಿನಾಯಿತಿ, ಸಿದ್ಧತೆಗೆ ಇಲ್ಲ! ಹಿಪ್ಪೊಲಿತನದೆಂದು ಪ್ರಸಿದ್ಧವಾದ 'ಅಪೊಸ್ತಲಿಕ ಸಂಪ್ರದಾಯ'ವು ಇನ್ನೂ ಕಠಿಣ. ದೀಕ್ಷಾರ್ಥಿಯು ಮೂರು ವರ್ಷ ಶ್ರವಣ ಮಾಡಬೇಕು. ನಡತೆ ಒಳ್ಳೆಯದಾಗಿದ್ದರೆ ಕಾಲವನ್ನು ಕಡಿಮೆಮಾಡಬಹುದು. ವೃತ್ತಿಯ ವಿಚಾರಣೆ ಆಗಬೇಕು: ಹೆಣ್ಣುಗಳ ದಲ್ಲಾಳಿ, ಜನರ ವಿನೋದಕ್ಕಾಗಿ ಕತ್ತಿಯಿಂದ ಕೊಲ್ಲುವ ಜಟ್ಟಿ, ಇಂಥವರು ಕಸುಬು ಬಿಡಬೇಕು, ಇಲ್ಲವಾದರೆ ಬಂದ ದಾರಿ ಹಿಡಿಯಬೇಕು. ಅವನು ವಿಧವೆಯರನ್ನು ಗೌರವಿಸಿದನೆ, ರೋಗಿಗಳನ್ನು ಕಂಡು ಬಂದನೆ ಎಂದು ಕರೆತಂದವರನ್ನು ಕೇಳಬೇಕು. ಕೊನೆಗೆ ಕೋಳಿ ಕೂಗುವ ಹೊತ್ತಿಗೆ ಬಟ್ಟೆ ಒಡವೆಗಳನ್ನೆಲ್ಲ ಕಳಚಿ ನೀರಿಗಿಳಿಯುವುದು. ಮೂರು ಪ್ರಶ್ನೆ, ಮೂರು ಉತ್ತರ, ಮೂರು ಮುಳುಗು. ಆಮೇಲೆ ಹಸುಗೂಸಿಗೆ ಕೊಡುವಂತೆ ಹಾಲು ಜೇನು. ಓದು ಮುಗಿಸಿ ಮಿಂದು ಹೊರಬಂದವನನ್ನು ನಮ್ಮವರು ಸ್ನಾತಕನೆಂದು ಕರೆದದ್ದು ಇಲ್ಲಿ ನೆನಪಾಗುತ್ತದೆ. ಈಗಿನ ಸ್ನಾತಕರಿಗೆ ಆ ನೀರಿನ ಸುದ್ದಿಯೂ ತಿಳಿಯದು. ಕೂಸುಗಳಿಗೂ ಕೊಡುವ ರೂಢಿ ಆಗಲೇ ಇತ್ತು. 200ರ ಸುಮಾರಿಗೆ ತೆರ್ತುಲ್ಲಿಯಾನನು ಮಕ್ಕಳ ವಿಷಯದಲ್ಲಿ ಅವಸರ ಬೇಡವೆಂದು ವಾದಿಸಿದ್ದರಿಂದಲೇ ಅದು ತಿಳಿಯುತ್ತದೆ. ಆ ವ್ಯಾಜ್ಯಕ್ಕೆ ನಾನು ಇಳಿಯುವುದಿಲ್ಲ.

ಇಷ್ಟರಿಂದ ಪದದ ನಿರ್ಣಯವಾಯಿತು. ಆದರೆ ಪದವೊಂದನ್ನು ತಿದ್ದುವುದಕ್ಕಾಗಿ ಮಾತ್ರ ನಾನು ಲೇಖನಿ ಹಿಡಿಯಲಿಲ್ಲ. ದೀಕ್ಷೆಯೆಂದು ಒಪ್ಪಿದಮೇಲೆ ಅದರ ಫಲವನ್ನೂ ಒಪ್ಪಬೇಕು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಹೇಳುವ ಫಲವೇನು? ಈ ದೀಕ್ಷೆಯನ್ನು ಹೊಂದಿದವರಲ್ಲಿ ಯೆಹೂದಿಯೆಂದೂ ಗ್ರೀಕನೆಂದೂ, ದಾಸನೆಂದೂ ಒಡೆಯನೆಂದೂ ಭೇದವಿಲ್ಲ. ಸತ್ತವನಿಗೆ ಕುಲವೆಲ್ಲಿಯದು? ಹೀಗಿರುವಲ್ಲಿ ತಮಿಳುನಾಡಿನ ವಡಕ್ಕನ್‌ಕುಳಂ ಊರಿನ ಚರ್ಚಿನಲ್ಲಿ ಜಾತಿ ಜಾತಿಗೆ ನಡುವೆ ಗೋಡೆಯಿತ್ತು. 1910ರಲ್ಲಿ ಅದನ್ನು ಕೆಡಹಬೇಕಾಯಿತು. 1833ರಲ್ಲಿಯೇ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಲ್ಲಿ ಜಾತಿಭೇದವು ಒಡನೆಯೇ ತೊಲಗಬೇಕೆಂದು ಪತ್ರ ಬರೆದಿದ್ದನು. ತೊಲಗಿತೆ? ಮದುವೆಯ ಮಾತು ಬಂದಾಗ ಮುತ್ತಜ್ಜನ ಕೇರಿಯನ್ನು ವಿಚಾರಿಸುವ ಕ್ರೈಸ್ತನು, ಅವನು ಯಾವ ಸಭೆಯವನೇ ಆಗಲಿ, ತಾನು ಪಡೆದದ್ದು ಬರಿಯ ಸ್ನಾನವೆಂದು ತಾನೇ ಸಾರಿದಂತಾಯಿತು. ಚೊಂಬಿನ ಪಕ್ಷಕ್ಕೆ ಅವನಿಗಿಂತ ಒಳ್ಳೆಯ ಸಾಕ್ಷಿ ಸಿಕ್ಕದು.

ಹೀಗೆಂದೊಡನೆ ನಮ್ಮವರು ಹಿಗ್ಗುವುದು ಬೇಡ. ಲಿಂಗದೀಕ್ಷೆಯಾದ ಬಳಿಕ ಪೂರ್ವಾಶ್ರಯವನ್ನು ಕೇಳಬಾರದೆಂದು ಹನ್ನೆರಡನೆಯ ಶತಮಾನದಲ್ಲಿ ಶರಣರು ವಿಧಿಸಿದರು. ಅದೇ ನಾಡಿನಲ್ಲಿ ದೀಕ್ಷಾವಂತರ ಮನೆಯ ಕನ್ಯೆಗೆ ವರ ಬೇಕೆಂಬ ಪ್ರಕಟಣೆಯಲ್ಲಿ ಒಳಪಂಗಡದ ಹೆಸರು ಮೊದಲು, ಹುಡುಗನ ಗುಣ ಆಮೇಲೆ. ಉಪನಯನದಿಂದ ಎರಡನೆಯ ಜನ್ಮವಾಯಿತೆಂದು ಹೇಳಿಕೊಳ್ಳುವ ನಾವಾದರೋ, ಮೊದಲನೆಯ ಜನ್ಮವು ಇಂಥದೆಂದು ಖಾತ್ರಿಮಾಡಿಕೊಂಡಲ್ಲದೆ ಎರಡನೆಯದನ್ನು ಕೊಡುವುದೇ ಇಲ್ಲ. ಚೊಂಬು ನೀರಿನಿಂದ ಹುಟ್ಟು ಅಳಿಯದೆಂದು ನಗುವವರು ತಮ್ಮ ಕೊರಳಿನ ಲಿಂಗದಿಂದಾಗಲಿ ಹೆಗಲಿನ ದಾರದಿಂದಾಗಲಿ ಏನು ಅಳಿಯಿತೆಂಬುದನ್ನು ಮೊದಲು ತಿಳಿಸಬೇಕು.

"ದೀಕ್ಷಾಸ್ನಾನವು ರೂಢವಾಗಿಹೋಗಿದೆ, ರೂಢಿಯು ಯೋಗಾರ್ಥವನ್ನು ಮೀರುತ್ತದೆ" ಎಂದು ಶಾಸ್ತ್ರಜ್ಞರೊಬ್ಬರು ಆಕ್ಷೇಪಿಸಬಹುದು. ಮೀರುತ್ತದೆ, ಒಪ್ಪಿದೆ. ಆದರೆ ರೂಢಿಯ ಪದವನ್ನು ಕೇಳಿದವನು ಸರಿಯಾದ ವಸ್ತುವನ್ನೇ ತಿಳಿಯುವಾಗ ಮಾತ್ರ ಆ ನ್ಯಾಯಕ್ಕೆ ಬೆಲೆ. ಈ ಪದವನ್ನು ಕೇಳಿದವರಲ್ಲಿ ಒಬ್ಬನು ಚೊಂಬನ್ನೂ ಇನ್ನೊಬ್ಬನು ಗಂಗೆಯನ್ನೂ ತಿಳಿಯುತ್ತಿರುವಾಗ ಅದಕ್ಕೆ ರೂಢಿಯ ರಕ್ಷೆ ಸಲ್ಲದು. ಕ್ರೈಸ್ತಬಾಂಧವರು ತಮ್ಮ ಗ್ರಂಥದಲ್ಲಿ ಯಾವುದನ್ನು ಉಳಿಸಿಕೊಂಡರೂ ಅದು ಅವರ ಇಚ್ಛೆ. ನಮ್ಮ ಮಾಸಪತ್ರಿಕೆಯಲ್ಲಿ ಬರೆಯುವವರಾದರೂ ಇನ್ನು ಮುಂದೆ ಸ್ನಾನದೀಕ್ಷೆಯೆಂದೇ ಬರೆಯಬೇಕೆಂದು ಸಂಪಾದಕರಲ್ಲಿ ನನ್ನ ವಿಜ್ಞಾಪನೆ.