ಏಳು ಭಾಷೆ ಬಲ್ಲ ಗುಳಿಗ

ಅರೇಹಳ್ಳಿಯವರು ಸಿನಿಮಾ ನೋಡಬೇಕೆಂದರೆ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗುವುದು ವಾಡಿಕೆ. 2025ರಲ್ಲಿ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಅಕ್ಟೋಬರ್ 2ಕ್ಕೇ ಬಿದ್ದವು. ‘ಕಾಂತಾರ: ಅಧ್ಯಾಯ 1’ ತೆರೆಗೆ ಬಂದದ್ದೂ ಅವತ್ತೇ. ಆ ವಾರ ನಮ್ಮ ಮನೆಯವರೆಲ್ಲ ಜೀಪು ಹತ್ತಿ ಹಾಸನಕ್ಕೆ ಹೋದೆವು. ಅಜ್ಜಿ, ಅಣ್ಣ, ಅತ್ತಿಗೆ, ಏಳು ವರ್ಷದ ಅವರ ಮಗ, ನಾನು. ಸಿನಿಮಾ ಮುಗಿಯುವ ಹೊತ್ತಿಗೆ ಅಜ್ಜಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ವಾಪಸು ಬರುವಾಗ ಬೇಲೂರು ದಾಟಿದ ಮೇಲೆ, ಎಲ್ಲರೂ ತೂಕಡಿಸುತ್ತಿದ್ದಾಗ ಅವನು ಕೇಳಿದ: ‘ಚಿಕ್ಕಪ್ಪ, ನಮ್ ತೋಟದ್ ಗುಳಿಗನೂ ಹಿಂಗೇ ಕಿರುಚ್ತಾನಾ?’

ನಮ್ಮ ತೋಟದಲ್ಲಿ ಗುಳಿಗನ ಕಲ್ಲೊಂದಿದೆ. ಕೆಳಗಿನ ಪಟ್ಟಿಯಲ್ಲಿ, ರೊಬಸ್ಟಾ ಗಿಡಗಳ ನಡುವೆ, ಅತ್ತಿಮರದ ಬುಡದಲ್ಲಿ. ಅದನ್ನು ನೆಟ್ಟವರು ನಾವಲ್ಲ. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದ ತುಳುವರು, ಯಾವ ಕಾಲದಲ್ಲೋ. ಅವರು ತಮ್ಮ ದೈವವನ್ನು ಜೊತೆಗೆ ಕರೆದುಕೊಂಡು ಬಂದರು, ಕಲ್ಲು ನೆಟ್ಟರು, ಲೈನ್ ಮನೆಯಲ್ಲಿ ಬದುಕಿದರು, ತೀರಿಕೊಂಡರು. ಕಲ್ಲು ಉಳಿಯಿತು. ವರ್ಷಕ್ಕೊಮ್ಮೆ ಅದಕ್ಕೆ ಎಳನೀರು, ಅವಲಕ್ಕಿ, ಕೋಳಿ ಕೊಡುತ್ತೇವೆ. ಅದು ಯಾವತ್ತೂ ಕಿರುಚಿಲ್ಲ.

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ. ಹಾಗಾಗಿ ನನ್ನ ಜಗಳ ಏನು, ಏನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದೈವವನ್ನು ತೆರೆಯ ಮೇಲೆ ತರಲೇಬಾರದು ಎಂಬ ವಾದ ನನ್ನದಲ್ಲ. 2022ರ ‘ಕಾಂತಾರ’ವನ್ನು ನಾನು ಎರಡು ಸಲ ನೋಡಿದ್ದೇನೆ. ರಿಷಬ್ ಶೆಟ್ಟಿಯವರಿಗೆ ಬಂದ ರಾಷ್ಟ್ರಪ್ರಶಸ್ತಿಯ ಬಗ್ಗೆಯೂ ತಕರಾರಿಲ್ಲ. ನನ್ನ ಜಗಳ ಎರಡು ಮಾತುಗಳ ಜೊತೆ. ಒಂದು ‘ಪ್ಯಾನ್ ಇಂಡಿಯಾ’, ಇನ್ನೊಂದು ‘ಕುಟುಂಬ ಸಮೇತ ನೋಡಿ’. ದೈವ, ದೆವ್ವ, ಪುರಾಣ, ಮಾಯೆ ಏನೇ ಇರಲಿ, ಈಗ ಅದಕ್ಕೆ ಈ ಎರಡು ಮೊಹರು ಬಿದ್ದರೆ ಸಾಕು, ನಾವು ಕನ್ನಡಿಗರು ಬೀಗುತ್ತೇವೆ. ‘ನಮ್ಮ ಸಿನಿಮಾ ಏಳು ಭಾಷೆಗೆ ಹೋಯ್ತು’ ಎಂದು ಸ್ಟೇಟಸ್ ಹಾಕುತ್ತೇವೆ. ಹೋದದ್ದು ಏನು? ಚಿತ್ರ ಹೋಯಿತು, ಸದ್ದು ಹೋಯಿತು. ಆ ದಾರಿಯಲ್ಲಿ ಮೊದಲು ಕಳಚಿಬಿದ್ದದ್ದೇ ಕನ್ನಡ. ಹಿಂದಿಯಲ್ಲಿ ನೋಡಿದವನ ಕಿವಿಗೆ ಅದರ ಒಂದು ಮಾತೂ ಬಿದ್ದಿಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಿದರೆ ನಮ್ಮ ಸಂಸ್ಕೃತಿ ಹಾಳಾಗುತ್ತದೆ ಎಂದು ದಶಕಗಳ ಕಾಲ ತಡೆದು ನಿಲ್ಲಿಸಿದ ಉದ್ಯಮ ಇದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧ ಎಂದು ಹೇಳಿ ದಂಡ ಹಾಕಿದ ಮೇಲೂ ಡಬ್ಬಿಂಗ್ ಚಿತ್ರ ಬಿಡುಗಡೆಯಾದಾಗ ಗಲಾಟೆ ನಡೆಯಿತು. ನಾನು ಅವತ್ತೂ ಡಬ್ಬಿಂಗ್ ಪರ, ಇವತ್ತೂ ಪರ. ಲೈನ್ ಮನೆಯ ಮಗುವಿಗೆ ಡೈನೋಸಾರಿನ ಸಿನಿಮಾ ಕನ್ನಡದಲ್ಲಿ ಸಿಕ್ಕಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಒಳಗೆ ಬರುವ ಡಬ್ಬಿಂಗ್ ವಿಷ, ಹೊರಗೆ ಹೋಗುವ ಡಬ್ಬಿಂಗ್ ವಿಜಯೋತ್ಸವ ಎಂದರೆ ಹೇಗೆ? ಭಾಷೆ ಬದಲಾದರೆ ಸಂಸ್ಕೃತಿಗೆ ಏಟು ಬೀಳುತ್ತದೆ ಎಂದು ಅವತ್ತು ಹೇಳಿದ್ದು ನಿಜವಾಗಿದ್ದರೆ, ಇವತ್ತು ಗುಳಿಗನಿಗೆ ಏಟು ಬಿದ್ದಿಲ್ಲವೇ?

ಬಿದ್ದಿದೆ, ಅದಕ್ಕೆ ಸಾಕ್ಷಿಯೂ ಇದೆ. 2025ರ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯ ಮೇಲೆ ನಟ ರಣವೀರ್ ಸಿಂಗ್ ದೈವದ ದೃಶ್ಯವನ್ನು ಅಣಕಿಸಿ, ಚಾವುಂಡಿಯನ್ನು ಹೆಣ್ಣು ದೆವ್ವ ಎಂದರು. ಗದ್ದಲ ಎದ್ದಮೇಲೆ ಕ್ಷಮೆ ಕೇಳಿದರು. ಎಲ್ಲರೂ ಅವರನ್ನು ಬೈದರು. ನನಗೆ ಆ ಮನುಷ್ಯನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಕರಾವಳಿಯಲ್ಲಿ ‘ಭೂತ’ ಎಂದರೆ ತಂಬಿಲ ಕೊಡುವ, ನ್ಯಾಯ ಕೇಳುವ, ಹರಕೆ ಹೊರುವ ಶಕ್ತಿ. ಭೂತಾರಾಧನೆ ಎನ್ನುವುದು ಅಲ್ಲಿ ಗೌರವದ ಮಾತು. ಅದೇ ಎರಡಕ್ಷರ ಹಿಂದಿಗೆ ಹೋದರೆ ಹುಣಸೆಮರದ ಪೀಡೆ. ಪದ ಡಬ್ಬಿಂಗೇ ಇಲ್ಲದೆ ದಾಟುತ್ತದೆ, ಅರ್ಥ ಘಟ್ಟದ ಈಚೆಯೇ ಉಳಿಯುತ್ತದೆ. ಅರ್ಥ ಗೊತ್ತಿಲ್ಲದವನ ಪಾಲಿಗೆ ಆ ದೃಶ್ಯದಲ್ಲಿ ಏನಿದೆ? ಹೊರಳುವ ಕಣ್ಣು, ಚಾಚಿದ ನಾಲಗೆ, ಒಂದು ದೊಡ್ಡ ಕೂಗು. ಅವರಿಗೆ ತಲುಪಿದ್ದನ್ನೇ ಅವರು ವೇದಿಕೆಯಲ್ಲಿ ವಾಪಸು ಕೊಟ್ಟರು. ಅದಕ್ಕೂ ಮೊದಲು, ಚಿತ್ರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಜನ ದೈವದ ವೇಷ ಹಾಕಿಕೊಂಡು ಚಿತ್ರಮಂದಿರಕ್ಕೆ ಬರತೊಡಗಿದ್ದರು. ಹಾಗೆ ಮಾಡಬೇಡಿ ಎಂದು ಹೊಂಬಾಳೆ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು. ಸೂಪರ್‌ಹೀರೋ ಮಾಡಿ ಕಳಿಸಿದ ಮೇಲೆ ಜನ ಮುಖವಾಡ ಹಾಕಿಕೊಳ್ಳದೆ ಬಿಡುತ್ತಾರೆಯೇ?

ಇಲ್ಲಿ ಒಬ್ಬ ಗೆಳೆಯ ನನ್ನನ್ನು ತಡೆದ. ಮಂಗಳೂರು ಕಡೆಯವನು, ತುಳು ಮನೆಮಾತು. ‘ಹಿಂದಿಯವರನ್ನು ಯಾಕೆ ಬೈತೀ ಮಾರಾಯ? ಮೊದಲು ಡಬ್ ಮಾಡಿದ್ದು ನೀವೇ ಅಲ್ವಾ?’ ಅಂದ. ನನಗೆ ತಕ್ಷಣ ಉತ್ತರ ಸಿಗಲಿಲ್ಲ. ಕೋಲದಲ್ಲಿ ದೈವ ನುಡಿಯುವುದು ತುಳುವಿನಲ್ಲಿ. ಸಿನಿಮಾದಲ್ಲಿ ಅದು ಹೆಚ್ಚಾಗಿ ಕನ್ನಡ ನುಡಿಯಿತು. ನಾವು ಅದನ್ನು ಗಮನಿಸಲೂ ಇಲ್ಲ. ಮೊದಲ ‘ಕಾಂತಾರ’ ಕನ್ನಡದಲ್ಲಿ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಎರಡೇ ವಾರದಲ್ಲಿ ಹಿಂದಿಗೆ, ತೆಲುಗಿಗೆ, ತಮಿಳಿಗೆ ಹೋಯಿತು. ಅಕ್ಟೋಬರ್ ಮುಗಿಯುವುದರೊಳಗೆ ಮಲಯಾಳಂಗೂ ಹೋಯಿತು. ದೈವದ ಸ್ವಂತ ಮಾತಾದ ತುಳುವಿನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು ಡಿಸೆಂಬರಿನಲ್ಲಿ. ಎಲ್ಲರ ಊಟ ಆದ ಮೇಲೆ ಮನೆಯ ಯಜಮಾನನಿಗೆ ಎಲೆ ಹಾಕಿದಂತೆ. ಹಿಂದಿ ನಮಗೆ ಮಾಡುತ್ತದೆ ಎಂದು ನಾವು ದೂರುವುದನ್ನು ನಾವು ತುಳುವಿಗೆ ಮಾಡಿದ್ದೇವೆ. ಪ್ಯಾನ್ ಇಂಡಿಯಾ ಎಂಬ ಏಣಿಯ ಮೊದಲ ಮೆಟ್ಟಿಲು ಕನ್ನಡವೇ. ಗೆಳೆಯನ ಮಾತನ್ನು ಒಪ್ಪಿಕೊಂಡೇ ಮುಂದೆ ಬರೆಯುತ್ತಿದ್ದೇನೆ.

ಒಳ್ಳೆಯ ಕಲೆ ಎಲ್ಲರಿಗೂ ತಾನಾಗಿಯೇ ತಲುಪುತ್ತದೆ, ಭಾಷೆಯ ಹಂಗು ಅದಕ್ಕಿಲ್ಲ ಎನ್ನುವವರಿದ್ದಾರೆ. ಅವರು ಉದಾಹರಣೆಗೆ ನಮ್ಮ ಬೇಲೂರು, ಹಳೇಬೀಡನ್ನೇ ತೋರಿಸುತ್ತಾರೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಇನ್ನೂ ಜೋರಾಗಿ. ದಿಲ್ಲಿಯವನೂ ಜಪಾನಿನವನೂ ಉಗ್ರನರಸಿಂಹನ ಮುಂದೆ ಬಾಯಿ ತೆರೆದು ನಿಲ್ಲುತ್ತಾನೆ, ಅವನಿಗೆ ಕನ್ನಡ ಬರುತ್ತದೆಯೇ ಎಂದು ಕೇಳುತ್ತಾರೆ. ಸರಿ. ಆದರೆ ಮದನಿಕೆಯರ ಪೀಠಗಳನ್ನು ಒಂದು ಸಲ ಓದಿ. ದಾಸೋಜ, ಅವನ ಮಗ ಚಾವಣ ಅಲ್ಲಿ ಹೆಸರು ಕೆತ್ತಿದ್ದಾರೆ, ಊರು ಬಳ್ಳಿಗಾವೆ ಎಂಬುದನ್ನೂ ಬಿಟ್ಟಿಲ್ಲ, ಕನ್ನಡ ಅಕ್ಷರದಲ್ಲಿ. ಒಂಬೈನೂರು ವರ್ಷಗಳಿಂದ ಬಂದವರೆಲ್ಲ ನೋಡಿದ್ದಾರೆ. ನೋಡುವವರಿಗೆ ಅನುಕೂಲವಾಗಲಿ ಎಂದು ಯಾರೂ ಆ ಊರಿನ ಹೆಸರನ್ನು ಉಜ್ಜಿ ಅಳಿಸಲಿಲ್ಲ. ಶಿಲ್ಪಿ ದೂರದವನಿಗಾಗಿ ಕೆತ್ತಲಿಲ್ಲ, ದೂರದವನು ತಾನೇ ಹತ್ತಿರ ಬಂದ.

ಈಗಿನ ಚಿತ್ರಗಳು ಹೋಗುವುದು ಇದರ ತದ್ವಿರುದ್ಧ ದಾರಿಯಲ್ಲಿ. ಮೊದಲ ‘ಕಾಂತಾರ’ದ ಎಲುಬು ಒಂದು ಭೂಮಿಯ ಕರಾರು. 1847ರಲ್ಲಿ ರಾಜ ಕೊಟ್ಟ ಮಾತು, 1970ರಲ್ಲಿ ಅದನ್ನು ಮುರಿಯಲು ಬಂದ ವಂಶಸ್ಥ, 1990ರಲ್ಲಿ ಕಾಡಿನ ಗಡಿ ಗುರುತಿಸಲು ಬಂದ ಅರಣ್ಯ ಇಲಾಖೆ. ದೈವ ಅಲ್ಲಿ ಕಿರುಚುತ್ತಿದ್ದದ್ದು ನಿಜ, ಆದರೆ ಕಿರುಚಲು ಕಾರಣವಿತ್ತು, ಆ ಕಾರಣಕ್ಕೆ ಒಂದು ಊರಿತ್ತು. ‘ಅಧ್ಯಾಯ 1’ ಕದಂಬರ ಕಾಲಕ್ಕೆ ಹೋಗಿ ಕೋಟೆ, ರಥ, ರಾಜಕುಮಾರಿ, ಯುದ್ಧಗಳನ್ನು ತಂದುಕೊಂಡಿತು. ಇವು ಯಾವ ಭಾಷೆಯ ಪ್ರೇಕ್ಷಕನಿಗೂ ಮೊದಲೇ ಪರಿಚಿತ, ವಿವರಣೆ ಬೇಡ. ಭೂಮಿಯ ಜಗಳಕ್ಕಾದರೆ ವಿವರಣೆ ಬೇಕು. ಆದ್ದರಿಂದ ಭೂಮಿ ಹಿಂದಕ್ಕೆ ಸರಿಯಿತು, ಸದ್ದು ಮುಂದೆ ಬಂತು. ಅತಿಮಾನುಷ ಎನ್ನುವುದು ಏಳು ಭಾಷೆಯಲ್ಲೂ ಒಂದೇ ಥರ ಕೇಳಬೇಕಾದರೆ ಅದು ಮಾತಾಡಬಾರದು, ಕೂಗಬೇಕು.

ಕುಟುಂಬ ಎಂಬ ಮಾತಿಗೂ ಬರೋಣ. ಕಾಂತಾರಕ್ಕೆ ಪ್ರಮಾಣನ ಮಂಡಳಿ ಕೊಟ್ಟದ್ದು ಯುಎ 16+. ಹದಿನಾರರ ಒಳಗಿನವರು ಹೆತ್ತವರ ವಿವೇಚನೆಯ ಮೇಲೆ ನೋಡಬಹುದು ಎಂದರ್ಥ. ಹಾಸನದ ಆ ಸಭಾಂಗಣದಲ್ಲಿ ಮಡಿಲ ಕೂಸುಗಳಿದ್ದವು. ನಮ್ಮ ಹುಡುಗನೂ ಇದ್ದ. ಆ ವಿವೇಚನೆಯಲ್ಲಿ ನಮ್ಮದೂ ಪಾಲಿದೆ, ಒಪ್ಪುತ್ತೇನೆ. ಇನ್ನು ದುಡ್ಡು. ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿ ಸರ್ಕಾರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಅದೇ ತಿಂಗಳ 23ರಂದು ಹೈಕೋರ್ಟು ತಡೆ ಕೊಟ್ಟಿತು. ನಾವು ಐದು ಜನ, ಜೀಪಿನ ಡೀಸೆಲ್ಲು, ಊಟ. ಲೈನ್ ಮನೆಯವರ ಕೂಲಿಯಲ್ಲಿ ಲೆಕ್ಕ ಹಾಕಿದರೆ ಎಷ್ಟು ದಿನದ ದುಡಿಮೆ ಎಂದು ಹೇಳಲು ನಾಚಿಕೆಯಾಗುತ್ತದೆ. ಯಾವ ಕುಟುಂಬವನ್ನು ಕರೆಯುತ್ತಿದ್ದಾರೆ ಎಂಬುದು ದರದ ಬೋರ್ಡಿನಲ್ಲೇ ಇದೆ.

ದೈವ ಬಡವರ ಭೂಮಿಗಾಗಿ ಎದ್ದು ಬರುವ ಕಥೆ ನೋಡಿ ಚಪ್ಪಾಳೆ ಹೊಡೆದ ನಾವು ಕಾಫಿ ಸೀಮೆಯವರು. ನಮ್ಮ ತೋಟದ ಕಲ್ಲನ್ನು ನೆಟ್ಟವರ ಹೆಸರಿನಲ್ಲಿ ಒಂದು ಮನೆಯ ಜಾಗವೂ ಇರಲಿಲ್ಲ. ದೈವಕ್ಕೆ ಇಷ್ಟಗಲ ನೆಲ ಸಿಕ್ಕಿತು, ಅವರಿಗೆ ಸಿಗಲಿಲ್ಲ. ಈ ಮಾತನ್ನು ಬರೆಯದೆ ಸಿನಿಮಾದವರನ್ನಷ್ಟೇ ಬೈದು ಮುಗಿಸಿದ್ದರೆ ಅಪ್ರಾಮಾಣಿಕತೆಯಾಗುತ್ತಿತ್ತು.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಸಣ್ಣದು. ದೈವ ನುಡಿಯುವಾಗ ಯಾವ ಆವೃತ್ತಿಯಲ್ಲೂ ಅದರ ಮಾತನ್ನು ಬದಲಿಸಬೇಡಿ. ಉಳಿದವರು ಹಿಂದಿಯಲ್ಲೋ ಬಂಗಾಳಿಯಲ್ಲೋ ಮಾತಾಡಲಿ, ದೈವ ಮಾತ್ರ ತುಳುವಿನಲ್ಲೇ ನುಡಿಯಲಿ, ಕೆಳಗೆ ಅಕ್ಷರ ಓಡಲಿ. ಕನ್ನಡದ ಆವೃತ್ತಿಯಲ್ಲೂ ಹಾಗೆಯೇ. ಅರ್ಥವಾಗದ ಒಂದು ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ ಪ್ರೇಕ್ಷಕನಿಗಿಲ್ಲ ಎಂದು ತೀರ್ಮಾನ ಮಾಡಿದವರು ಯಾರು? ಕೋಲದ ಮುಂದೆ ಕೂತ ಕನ್ನಡದ ಅಜ್ಜಿಯರು ರಾತ್ರಿಯಿಡೀ ಅರ್ಧಂಬರ್ಧ ಅರ್ಥದಲ್ಲೇ ಕೈ ಮುಗಿದಿಲ್ಲವೇ?

ನಮ್ಮ ಅಜ್ಜಿಯ ವಿಷಯ ಹೇಳುತ್ತೇನೆ. ಗುಳಿಗನ ಕಲ್ಲಿನ ಮುಂದೆ ನಿಂತು ತುಳುವಿನಲ್ಲಿ ಅರಿಕೆ ಮಾಡುತ್ತಿದ್ದ ಕೊನೆಯ ಮನುಷ್ಯ ತೀರಿಕೊಂಡು ಕೆಲವು ವರ್ಷಗಳಾದವು. ಈಗ ಲೈನಿನಲ್ಲಿರುವವರು ಅಸ್ಸಾಮಿನಿಂದ ಬಂದವರು. ಅವರಲ್ಲೊಬ್ಬ ಹುಡುಗ ಹಿಂದಿ ಕಾಂತಾರವನ್ನು ಮೊಬೈಲಿನಲ್ಲಿ ನೋಡಿ, ಮರದ ಬುಡದ ಕಲ್ಲು ತೋರಿಸಿ ‘ಇದು ಅದೇ ಭೂತಾನಾ?’ ಎಂದು ನನ್ನನ್ನು ಕೇಳಿದ. ಹೌದು ಎನ್ನಲೋ ಅಲ್ಲ ಎನ್ನಲೋ ತಿಳಿಯಲಿಲ್ಲ. ಈ ಸಲದ ಪೂಜೆಗೆ ಅವನೇ ಎಳನೀರು ಕೆತ್ತಿಕೊಟ್ಟ. ಅಜ್ಜಿ ಎಂದಿನಂತೆ ಸೆರಗು ಹೊದ್ದು ನಿಂತು, ಕಲ್ಲಿಗೆ ಕನ್ನಡದಲ್ಲಿ ಹೇಳಿದಳು: ‘ನಿನ್ ಮಾತು ನಮಗ್ ಬರಲ್ಲಪ್ಪ. ಬರೋರು ಹೋದ್ರು. ತಪ್ಪಾದ್ರೆ ಹೊಟ್ಟೆಗೆ ಹಾಕ್ಕೊ.’ ನಮ್ಮ ಹುಡುಗ ಕಿವಿಗೆ ಕೈ ಇಟ್ಟುಕೊಂಡು, ಈಗ ಕಿರುಚುತ್ತದೇನೋ ಎಂದು ಕಾಯುತ್ತಾ ನಿಂತಿದ್ದ.