ರೇಟು ಬಿದ್ದರೆ ಬೆಳೆ ಕೆಟ್ಟದ್ದಾ?

ಹೋದ ತಿಂಗಳು ನಮ್ಮೂರ ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಟೀ ಕುಡಿಯುತ್ತಾ ಕೂತಿದ್ದೆ. ಪಕ್ಕದ ಬೆಂಚಲ್ಲಿ ನಾಲ್ಕು ಹುಡುಗರು ಮೊಬೈಲ್ ಹಿಡಿದು ಜೋರು ಚರ್ಚೆ ನಡೆಸಿದ್ದರು. ಒಬ್ಬ ಹೇಳಿದ, "ಆ ಸಿನಿಮಾ ತೋಪು ಕಣ್ರೋ, ಹೋಗ್ಬೇಡಿ."

"ನೀನು ನೋಡಿದ್ಯೇನೋ?" ಅಂತ ಇನ್ನೊಬ್ಬ ಕೇಳಿದ.

"ನೋಡೋದೇನು ಬಂತು? ಕಲೆಕ್ಷನ್ನೇ ಇಲ್ವಲ್ಲ!"

ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದ ದೊಡ್ಡಪ್ಪನ ವಯಸ್ಸಿನ ಹಿರಿಯರೊಬ್ಬರು ತಲೆ ಎತ್ತಿ ಕೇಳಿದರು. "ಹೋದ ವರ್ಷ ನನ್ನ ಈರುಳ್ಳಿಗೆ ರೇಟು ಸಿಗಲಿಲ್ಲ. ಹಂಗಂದ್ರೆ ನನ್ನ ಈರುಳ್ಳಿ ಕೊಳೆತಿತ್ತೇನಪ್ಪಾ?"

ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ರೇಟು ಬೇರೆ, ಬೆಳೆ ಬೇರೆ ಅನ್ನೋದು ಒಬ್ಬ ರೈತನಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತಿರಲು ಸಾಧ್ಯ? ಹಾಗಿದ್ದೂ ಸಿನಿಮಾ ವಿಷಯಕ್ಕೆ ಬಂದಾಗ ನಾವೇಕೆ ಗೆದ್ದೆತ್ತಿನ ಬಾಲ ಹಿಡಿಯುತ್ತೇವೆ?

ಮೊದಲು ಆ "ಕಲೆಕ್ಷನ್" ಅನ್ನೋದನ್ನು ಬಿಡಿಸಿ ನೋಡೋಣ. ಪೋಸ್ಟರ್ ಮೇಲೆ ನೂರು ಕೋಟಿ ಅಂತ ಹಾಕಿದರೆ ಅಷ್ಟೂ ನಿರ್ಮಾಪಕರ ಜೇಬಿಗೆ ಹೋಯಿತು ಎಂದಲ್ಲ. ಟಿಕೆಟ್ ಹಣದಲ್ಲಿ ಮೊದಲು ತೆರಿಗೆ ಹೋಗುತ್ತದೆ. ಆಮೇಲೆ ಥಿಯೇಟರಿನವರ ಪಾಲು ಅಥವಾ ಬಾಡಿಗೆ, ಆಮೇಲೆ ವಿತರಕರ ಕಮಿಷನ್. ಉಳಿದದ್ದು ನಿರ್ಮಾಪಕರಿಗೆ. ಅದರಲ್ಲೇ ಅವರು ಸಾಲ, ಬಡ್ಡಿ ಎಲ್ಲ ತೀರಿಸಬೇಕು. ಮಂಡಿಯಲ್ಲಿ ಮಾಲು ಮಾರಿ ಪಟ್ಟಿ ತಗೊಂಡಾಗ ದಲಾಲಿ, ಹಮಾಲಿ, ಲಾರಿ ಬಾಡಿಗೆ ಕಳೆದು ನಮ್ಮ ಕೈಗೆ ಎಷ್ಟು ಬರುತ್ತೋ, ಇದೂ ಹಾಗೇ. ಗೊಬ್ಬರದ ಅಂಗಡಿ ಬಾಕಿ ಆಮೇಲೆ ಇದ್ದೇ ಇದೆ. ಹಾಗಾಗಿ ಗಲ್ಲಾಪೆಟ್ಟಿಗೆಯ ಅಂಕಿಯನ್ನು ನೋಡಿ ಸಿನಿಮಾ ಲಾಭ ಮಾಡಿತೇ ಎಂದು ಹೇಳುವುದೇ ಕಷ್ಟ. ಇನ್ನು ಸಿನಿಮಾ ಚೆನ್ನಾಗಿದೆಯೇ ಎಂದು ಹೇಳುವುದು ದೂರದ ಮಾತು.

ಈಗ ಕೆಲವು ಸೋತ ಸಿನಿಮಾಗಳ ಕಥೆ ಕೇಳಿ.

1959ರಲ್ಲಿ 'ಕಾಗಜ್ ಕೆ ಫೂಲ್' ಎಂಬ ಹಿಂದಿ ಚಿತ್ರ ಬಂತು. ನಿರ್ದೇಶಕ ಗುರುದತ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಭಾರತದಲ್ಲಿ ತಯಾರಾದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಹೆಸರು ಮಾಡಿದ ನಿರ್ದೇಶಕನೊಬ್ಬ ಎಲ್ಲವನ್ನೂ ಕಳೆದುಕೊಂಡು, ಯಾರಿಗೂ ಬೇಡವಾಗಿ ಸಾಯುವ ಕಥೆ. ಜನ ಒಪ್ಪಲಿಲ್ಲ, ಚಿತ್ರ ಮಕಾಡೆ ಮಲಗಿತು. ಗುರುದತ್ ಆಮೇಲೆ ಸಿನಿಮಾ ಮಾಡಿದರು, ನಟಿಸಿದರು, ಆದರೆ ನಿರ್ದೇಶಕ ಎಂದು ತಮ್ಮ ಹೆಸರನ್ನು ಮತ್ತೆಂದೂ ಹಾಕಿಕೊಳ್ಳಲಿಲ್ಲ. ಐದು ವರ್ಷಕ್ಕೆ, 1964ರಲ್ಲಿ, ತೀರಿಕೊಂಡರು.

ಅದೇ ಸೋತ ಸಿನಿಮಾದಲ್ಲಿ ಮೂರ್ತಿಯವರು ದೊಡ್ಡ ಕನ್ನಡಿ ಇಟ್ಟು, ಹೊರಗಿನ ಬಿಸಿಲನ್ನು ಸ್ಟುಡಿಯೋ ಒಳಗೆ ತಿರುಗಿಸಿ, ಮೇಲಿನಿಂದ ಕೋಲಿನ ಹಾಗೆ ಇಳಿಯುವ ಬೆಳಕಿನಲ್ಲಿ ನಾಯಕ ನಾಯಕಿಯನ್ನು ನಿಲ್ಲಿಸಿದ್ದರು. ಇವತ್ತಿಗೂ ಕ್ಯಾಮೆರಾ ಕಲಿಯುವ ಮಕ್ಕಳಿಗೆ ಆ ದೃಶ್ಯ ತೋರಿಸುತ್ತಾರೆ. ಮುಂದೆ ಮೂರ್ತಿಯವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಕ್ಯಾಮೆರಾಮನ್ ಒಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆ ವರ್ಷ ಗೆದ್ದ ಎಷ್ಟು ಸಿನಿಮಾಗಳ ಹೆಸರು ನಮಗೆ ಗೊತ್ತಿದೆ ಹೇಳಿ?

ಇನ್ನೊಂದು ಕಥೆ ನನಗೆ ಇನ್ನೂ ಹತ್ತಿರದ್ದು, ಯಾಕೆಂದರೆ ಅದು ಗಾಡಿ ಹೊಡೆಯುವವನ ಕಥೆ. 1966ರ 'ತೀಸರಿ ಕಸಮ್'. ಹಾಗಂದರೆ ಮೂರನೇ ಆಣೆ. ಬಿಹಾರದ ಹಳ್ಳಿಗಳನ್ನು ಬರೆದ ಫಣೀಶ್ವರನಾಥ ರೇಣು ಅವರ ಕಥೆ ಅದು. ಹೀರಾಮನ್ ಎಂಬ ಎತ್ತಿನ ಗಾಡಿಯವನು ನೌಟಂಕಿ ಕಂಪನಿಯ ಕುಣಿಯುವ ಹೆಂಗಸು ಹೀರಾಬಾಯಿಯನ್ನು ಜಾತ್ರೆಗೆ ಕರೆದುಕೊಂಡು ಹೋಗುತ್ತಾನೆ. ದಾರಿಯುದ್ದಕ್ಕೂ ಮಾತು, ಹಾಡು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸು, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಅವಳು ರೈಲು ಹತ್ತುತ್ತಾಳೆ. ಕಳ್ಳಮಾಲು ಹೇರುವುದಿಲ್ಲ, ಬಿದಿರು ಹೇರುವುದಿಲ್ಲ ಎಂದು ಮೊದಲೇ ಎರಡು ಆಣೆ ಹಾಕಿದ್ದವನು, ಇನ್ನು ಮೇಲೆ ಕಂಪನಿ ಹೆಂಗಸರನ್ನು ಗಾಡಿಗೆ ಕೂರಿಸುವುದಿಲ್ಲ ಎಂದು ಮೂರನೇ ಆಣೆ ಹಾಕುತ್ತಾನೆ. ಅಷ್ಟೇ ಕಥೆ.

ನಿರ್ಮಾಪಕ ಶೈಲೇಂದ್ರ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬಂದು ದೊಡ್ಡ ಹಾಡು ಬರೆಯುವ ಕವಿಯಾದವರು. ಸಿನಿಮಾ ತೆಗೆದದ್ದು ಇದೊಂದೇ. ನಾಯಕ ರಾಜ್ ಕಪೂರ್, ನಾಯಕಿ ವಹೀದಾ ರೆಹಮಾನ್. ಚಿತ್ರ ಮುಗಿಯಲು ವರ್ಷಗಟ್ಟಲೆ ಹಿಡಿಯಿತು, ಅಷ್ಟು ದಿನವೂ ಸಾಲ ಬೆಳೆಯುತ್ತಾ ಹೋಯಿತು. ಕೊನೆಯಲ್ಲಿ ಇಬ್ಬರನ್ನೂ ಒಂದು ಮಾಡಿಬಿಡಿ, ಜನ ಬರುತ್ತಾರೆ ಎಂದು ಸಲಹೆ ಕೊಟ್ಟವರಿದ್ದರು. ಶೈಲೇಂದ್ರ ಕಥೆ ಬದಲಿಸಲು ಒಪ್ಪಲಿಲ್ಲ. ಬಿಡುಗಡೆ ಮಾಡಲು ವಿತರಕರು ಮುಂದೆ ಬರುವುದೇ ಕಷ್ಟವಾಯಿತು. ಬಿಡುಗಡೆಯಾದ ಮೇಲೂ ಓಡಲಿಲ್ಲ. ಅದೇ ವರ್ಷ ಡಿಸೆಂಬರ್ 14ಕ್ಕೆ ಶೈಲೇಂದ್ರ ತೀರಿಕೊಂಡರು. ವಯಸ್ಸು 43.

ಆ ವರ್ಷದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿ 'ತೀಸರಿ ಕಸಮ್'ಗೇ ಬಂತು. ಆದರೆ ಅದನ್ನು ನೋಡಲು ಶೈಲೇಂದ್ರ ಇರಲಿಲ್ಲ.

ಇದನ್ನು ಓದುವಾಗೆಲ್ಲ ನನಗೆ ನಮ್ಮ ಊರುಗಳ ನೆನಪಾಗುತ್ತದೆ. ಒಳ್ಳೆ ಬೆಳೆ ತೆಗೆದು, ರೇಟಿಲ್ಲದೆ, ಸಾಲಗಾರರ ಮುಖ ನೋಡಲಾಗದೆ ಒಳಗೊಳಗೇ ಕುಸಿದು ಹೋದವರನ್ನು ನಾವೂ ಕಂಡಿದ್ದೇವೆ. ಅವರ ಬೆಳೆ ಕೆಟ್ಟಿರಲಿಲ್ಲ.

ರಾಜ್ ಕಪೂರ್ ಅವರಿಗೂ ಇದೇ ಪೆಟ್ಟು ಬಿತ್ತು. 1970ರ 'ಮೇರಾ ನಾಮ್ ಜೋಕರ್'ಗೆ ಆರು ವರ್ಷ ದುಡಿದರು. ನಾಲ್ಕು ಗಂಟೆಗೂ ಮೀರಿದ ಸಿನಿಮಾ, ಎರಡು ಇಂಟರ್‌ವಲ್. ಸೋತು ಸಾಲದಲ್ಲಿ ಮುಳುಗಿದರು. 1973ರಲ್ಲಿ 'ಬಾಬ್ಬಿ' ಗೆದ್ದು ಅವರನ್ನು ದಡ ಸೇರಿಸಿತು. ಇವತ್ತು ರಾಜ್ ಕಪೂರ್ ಅಂದರೆ ಜನ ಮೊದಲು ನೆನೆಸುವುದು ಆ ಜೋಕರನನ್ನೇ.

ನಮ್ಮ ಕನ್ನಡಕ್ಕೆ ಬನ್ನಿ. 'ಪ್ರೇಮಲೋಕ', 'ರಣಧೀರ' ಗೆದ್ದ ಹುರುಪಿನಲ್ಲಿ ರವಿಚಂದ್ರನ್ 'ಶಾಂತಿ ಕ್ರಾಂತಿ'ಗೆ ಕೈ ಹಾಕಿದರು. ಒಂದೇ ಕಥೆ, ನಾಲ್ಕು ಭಾಷೆ. ಕನ್ನಡದಲ್ಲಿ ತಾವೇ ನಾಯಕ, ತೆಲುಗಿನಲ್ಲಿ ನಾಗಾರ್ಜುನ, ತಮಿಳು ಮತ್ತು ಹಿಂದಿಯಲ್ಲಿ ರಜನಿಕಾಂತ್. 1991ರಲ್ಲಿ ಬಂದ ಆ ಚಿತ್ರ ದೊಡ್ಡ ನಷ್ಟ ಮಾಡಿತು. ಅದೇ ವರ್ಷ ಬಂದ 'ರಾಮಾಚಾರಿ' ಗೆದ್ದದ್ದರಿಂದ ಅವರು ಎದ್ದು ನಿಂತರು.

ಈಗ ಪ್ಯಾನ್ ಇಂಡಿಯಾ ಅಂತ ಎಲ್ಲರೂ ಕುಣಿಯುತ್ತೇವೆ. 2018ರಲ್ಲಿ 'ಕೆಜಿಎಫ್' ಐದು ಭಾಷೆಯಲ್ಲಿ ಹೋದಾಗ ಕಾಲರ್ ಎತ್ತಿಕೊಂಡು ಓಡಾಡಿದೆವು. ಆದರೆ ಅದಕ್ಕೂ 27 ವರ್ಷ ಮೊದಲು, ಕನ್ನಡದ ಒಬ್ಬ ನಿರ್ಮಾಪಕ ತನ್ನ ದುಡ್ಡು ಹಾಕಿ ಇದೇ ಹೊಲ ಉತ್ತಿದ್ದ. ಅವತ್ತು ಮಳೆ ಬರಲಿಲ್ಲ, ಅಷ್ಟೇ.

ಹಾಗಂತ ಸೋತದ್ದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. 'ಶಾಂತಿ ಕ್ರಾಂತಿ'ಯಲ್ಲೂ ಕಥೆಗಿಂತ ಖರ್ಚು ದೊಡ್ಡದಾಗಿತ್ತು ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ 1980ರಲ್ಲಿ 'ಹೆವನ್ಸ್ ಗೇಟ್' ಎಂಬ ಸಿನಿಮಾ ಬಂತು. ನಿರ್ದೇಶಕ ಮೈಕಲ್ ಚಿಮಿನೊ. ಸುಮಾರು 1.1 ಕೋಟಿ ಡಾಲರಿನಲ್ಲಿ ಮುಗಿಯಬೇಕಿದ್ದದ್ದು 4.4 ಕೋಟಿಗೆ ಹೋಯಿತು. ಬೀದಿಯ ಸೆಟ್ ಅಗಲ ಸಾಲದು ಎಂದು, ಒಂದು ಸಾಲು ಸರಿಸಿದರೆ ಆಗುತ್ತಿದ್ದ ಕೆಲಸಕ್ಕೆ ಎರಡೂ ಸಾಲು ಕೆಡವಿ ಕಟ್ಟಿಸಿದರು ಎಂದು ಹೇಳುತ್ತಾರೆ. ಅಮೆರಿಕದ ಥಿಯೇಟರುಗಳಲ್ಲಿ ಬಂದದ್ದು 35 ಲಕ್ಷ ಡಾಲರ್ ಆಸುಪಾಸು. ಚಾರ್ಲಿ ಚಾಪ್ಲಿನ್ ಮತ್ತು ಗೆಳೆಯರು 1919ರಲ್ಲಿ ಕಟ್ಟಿದ್ದ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಮರುವರ್ಷ ಇನ್ನೊಬ್ಬರ ಪಾಲಾಯಿತು. ಲೆಕ್ಕ ಇಲ್ಲದೆ ಖರ್ಚು ಮಾಡುವುದನ್ನು ಕಲೆ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಇದ್ದ ನಾಲ್ಕೆಕರೆಗೂ ಸಾಲ ತಂದು ಒಂದೇ ಬೆಳೆ ಹಾಕುವವನನ್ನು ನಾವು ಧೈರ್ಯವಂತ ಅನ್ನುವುದಿಲ್ಲ, ಸ್ವಲ್ಪ ಉಳಿಸಿಕೊಳ್ಳಪ್ಪ ಅನ್ನುತ್ತೇವೆ.

ಆದರೆ ಖರ್ಚು ಮಾಡಿದ್ದು ತಪ್ಪು ಅನ್ನುವುದು ಬೇರೆ, ಸಿನಿಮಾನೇ ಕೆಟ್ಟದ್ದು ಅನ್ನುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಇಷ್ಟು ಹೇಳುವುದಕ್ಕೆ ಕಾರಣ ಇದೆ. ನಮ್ಮ ಮೊಬೈಲಿನ ಮಾತಿಗೆ ಈಗ ಬೆಲೆ ಬಂದಿದೆ. ಶುಕ್ರವಾರ ಬೆಳಿಗ್ಗೆಯ ಆಟ ಮುಗಿಯುವ ಮೊದಲೇ "ಡಬ್ಬಾ" ಅಂತ ಗ್ರೂಪಿಗೆ ಹಾಕುತ್ತೇವೆ. ಸೀಟು ತುಂಬದ ಚಿಕ್ಕ ಕನ್ನಡ ಸಿನಿಮಾದ ಶೋ ಕಡಿಮೆಯಾಗುತ್ತದೆ, ಒಂದೇ ವಾರಕ್ಕೆ ಎತ್ತಿಬಿಡುತ್ತಾರೆ. ದೊಡ್ಡ ಸ್ಟಾರ್ ಸಿನಿಮಾ ಹೇಗೋ ತಡೆದುಕೊಳ್ಳುತ್ತದೆ. ಮನೆ, ಸೈಟು ಅಡವಿಟ್ಟು ಮೊದಲ ಸಿನಿಮಾ ಮಾಡಿದವನು ತಡೆದುಕೊಳ್ಳುವುದಿಲ್ಲ. ನಮ್ಮ ಹಳ್ಳಿಯ, ನಮ್ಮ ಮಾತಿನ, ನಮ್ಮ ಜಾತ್ರೆಯ ಕಥೆ ಹೇಳುವವರು ಹೆಚ್ಚಾಗಿ ಇಂಥವರೇ. ಅವರು ಹಿಂದಕ್ಕೆ ಹೋದರೆ ಆಮೇಲೆ ಉಳಿಯುವುದು ಬರೀ ಗನ್ನು, ಗಡ್ಡ, ಧೂಳು.

ಹಾಗಾಗಿ ನನ್ನದು ಚಿಕ್ಕ ಕೋರಿಕೆ. ನೋಡದ ಸಿನಿಮಾವನ್ನು ತೋಪು ಎಂದು ಕಳಿಸಬೇಡಿ. ನೋಡಿ ಬೇಜಾರಾದರೆ ಧಾರಾಳವಾಗಿ ಬೈಯಿರಿ, ಆದರೆ ಯಾಕೆ ಎಂದೂ ಹೇಳಿ. ಯಾರೋ ಕೋಟಿ ಎಣಿಸಿದರೆ ಅದರಲ್ಲಿ ನಮಗೆ ಬರುವುದು ಏನೂ ಇಲ್ಲ. ಒಂದು ಒಳ್ಳೆ ಕಥೆ ಕಂಡರೆ ಅದು ನಮ್ಮದೇ.

ಸಾಧ್ಯವಾದರೆ 'ತೀಸರಿ ಕಸಮ್' ಒಮ್ಮೆ ನೋಡಿ. ಹಿಂದಿ ಪೂರ್ತಿ ಬರದಿದ್ದರೂ ಪರವಾಗಿಲ್ಲ. ಗಾಡಿ, ಎತ್ತು, ಜಾತ್ರೆ, ಹೇಳಲಾಗದೆ ಗಂಟಲಲ್ಲೇ ಉಳಿದ ಮಾತು, ಇವು ಯಾವ ಊರಿನವರಿಗೂ ಅರ್ಥವಾಗುತ್ತವೆ.

ಅಂದಹಾಗೆ, ಮೊನ್ನೆ ಆ ಹಿರಿಯರು ಮತ್ತೆ ಸಿಕ್ಕಿದ್ದರು. ಈ ಸಲ ಏನು ಹಾಕಿದ್ದೀರಿ ದೊಡ್ಡಪ್ಪ ಅಂತ ಕೇಳಿದೆ.

"ಈರುಳ್ಳೀನೇ," ಅಂದರು. "ಆದ್ರೆ ಈ ಸಲ ಅರ್ಧ ಹೊಲಕ್ಕೆ ಮಾತ್ರ."