ಹಿಡಿಕೆ ತಿರುಗಿತು, ಮೇಜು ಕದಲಲಿಲ್ಲ

ಮೊನ್ನೆ ಸಂಜೆ ನೆರೆಮನೆಯ ಹುಡುಗ ಬಾಡಿದ ಮೋರೆಯೊಡನೆ ನಮ್ಮ ಜಗುಲಿಗೆ ಬಂದು ಕುಳಿತನು. ಅವನು ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೆಷಿನಿಸ್ಟ್ ಕಸಬು ಕಲಿಯುತ್ತಿರುವನು. ಅಂದು ಅವನು ಮಿಲ್ಲಿಂಗ್ ಯಂತ್ರದಲ್ಲಿ ಕೊರೆದ ಉಕ್ಕಿನ ತುಂಡನ್ನು ಮೇಷ್ಟರು ಅಳೆದು ನೋಡಿ ಬದಿಗಿರಿಸಿದ್ದರು.

"ಡಯಲ್ ಸರಿಯಾಗಿಯೇ ತೋರಿಸುತ್ತಿತ್ತು ಮಾಮ, ಆದರೂ ತಪ್ಪಾಯಿತು. ನಾಳೆಯಿಂದ ನಾನು ಹೋಗುವುದಿಲ್ಲ" ಎಂದನು.

ಅವನ ತಂದೆಯವರಿಗೂ ಇದೇ ಬೇಕಾಗಿತ್ತು. ಕಂಪ್ಯೂಟರೇ ಯಂತ್ರವನ್ನು ನಡೆಸುವ ಈ ಕಾಲದಲ್ಲಿ ಹಿಡಿಕೆ ತಿರುಗಿಸುವ ವಿದ್ಯೆ ಯಾರಿಗೆ ಬೇಕು ಎಂಬುದು ಅವರ ವಾದ.

ನನಗೆ ನಗು ಬಂದಿತು. ನನ್ನ ಮೊದಲ ಜಾಬ್ ಕೆಟ್ಟದ್ದೂ ಹೀಗೆಯೇ.

ಲೇತಿನಲ್ಲಿ ಲೋಹ ತಿರುಗುತ್ತದೆ. ಉಳಿ ಅದನ್ನು ಹೆರೆಯುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ತಿರುಗುವುದು ಹಲವು ಹಲ್ಲುಗಳ ಕಟರ್. ವೈಸಿನಲ್ಲಿ ಬಿಗಿದ ಲೋಹ ಮೇಜಿನೊಡನೆ ಅದರೆಡೆಗೆ ಸರಿಯುತ್ತದೆ. ಮೇಜನ್ನು ಸರಿಸುವುದು ಹಿಡಿಕೆಗೆ ಜೋಡಿಸಿದ ಉದ್ದನೆಯ ತಿರುಪು. ನಾನು ಕಲಿತ ಯಂತ್ರದಲ್ಲಿ ಹಿಡಿಕೆಯ ಒಂದು ಸುತ್ತಿಗೆ ಮೇಜು 5 ಮಿಲಿಮೀಟರು ಸರಿಯುತ್ತಿತ್ತು. ಡಯಲಿನಲ್ಲಿ 100 ಗೆರೆಗಳು. ಎಂದರೆ ಗೆರೆಯೊಂದಕ್ಕೆ 0.05 ಮಿ.ಮೀ.

ಅಂಚಿನಿಂದ 40 ಮಿ.ಮೀ. ದೂರದಲ್ಲಿ ಒಂದು ಗಾಡಿ ಕೊರೆಯಬೇಕಾಗಿತ್ತು. ಕಟರಿನ ಮಧ್ಯವನ್ನು ಅಂಚಿಗೆ ಹೊಂದಿಸಿ ಎಂಟು ಸುತ್ತು ತಿರುಗಿಸಿದೆನು. ಕೈ ಮೂರು ಗೆರೆ ಮುಂದೆ ಹೋಯಿತು. ಅದಕ್ಕೇನು ಎಂದು ಮೂರು ಗೆರೆ ಹಿಂದಕ್ಕೆ ತಿರುಗಿಸಿ, ಕೊರೆದು ಮುಗಿಸಿದೆನು. ಅಳೆದಾಗ 0.15 ಮಿ.ಮೀ. ಹೆಚ್ಚಾಗಿತ್ತು! ಕ್ಷಮೆಯಿದ್ದದ್ದು 0.05ಕ್ಕೆ ಮಾತ್ರ.

ನಮ್ಮ ಮೇಷ್ಟರು ಬೈಯಲಿಲ್ಲ. ಮೇಜಿಗೆ ತಾಗುವಂತೆ ಅಳತೆಯ ಗಡಿಯಾರವೊಂದನ್ನು ನಿಲ್ಲಿಸಿ, "ಈಗ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸು" ಎಂದರು. ಒಂದು ಗೆರೆ, ಎರಡು, ಐದು, ಮುಳ್ಳು ಅಲುಗಲಿಲ್ಲ. ಆರನೆಯ ಗೆರೆ ದಾಟಿದ ಮೇಲೆ ಮೇಜು ಕದಲಿತು. ತಿರುಪು ಸಲೀಸಾಗಿ ತಿರುಗಬೇಕಾದರೆ ಅದಕ್ಕೂ ನಟ್ಟಿಗೂ ನಡುವೆ ಕೊಂಚ ಸಡಿಲವಿರಲೇಬೇಕು; ಯಂತ್ರ ಸವೆದಂತೆ ಅದು ಹೆಚ್ಚುತ್ತದೆ. ದಿಕ್ಕು ಬದಲಿಸಿದಾಗ ಮೊದಲು ಆ ಸಡಿಲವನ್ನು ದಾಟಬೇಕು. ಇದೇ ಬ್ಯಾಕ್‌ಲ್ಯಾಶ್. ಗುರಿ ಮೀರಿದರೆ ಅರ್ಧ ಸುತ್ತಾದರೂ ಹಿಂದೆ ಹೋಗಿ, ಮತ್ತೆ ಮೊದಲಿನ ದಿಕ್ಕಿನಿಂದಲೇ ಬರಬೇಕು.

ಈ ಸಡಿಲ ಅಳತೆಯನ್ನಷ್ಟೇ ಕೆಡಿಸುವುದಿಲ್ಲ. ಕಟರಿನ ಹಲ್ಲುಗಳು ಕೊರೆಯುವ ದಿಕ್ಕಿಗೇ ಮೇಜೂ ಸಾಗಿದರೆ, ಕಟರ್ ಮೇಜನ್ನು ತಟ್ಟನೆ ತನ್ನೆಡೆಗೆ ಸೆಳೆದುಕೊಳ್ಳಬಹುದು. ಹಲ್ಲು ಮುರಿಯುವುದೂ ಜಾಬ್ ಸಿಡಿಯುವುದೂ ಆಗಲೇ. ಆದುದರಿಂದ ಸವೆದ ಯಂತ್ರದಲ್ಲಿ ಕಲಿಯುವವನು ಮೇಜನ್ನು ಹಲ್ಲುಗಳಿಗೆ ಇದಿರಾಗಿಯೇ ನಡೆಸಬೇಕು.

ಹುಡುಗನ ತಂದೆಯವರಿಗೂ ನಾನು ಇಷ್ಟು ಹೇಳಿದೆನು. ಕಂಪ್ಯೂಟರ್ ಯಂತ್ರಗಳ ತಿರುಪು ಗುಂಡುಗಳ ಮೇಲೆ ಉರುಳುವುದರಿಂದ ಅಲ್ಲಿ ಸಡಿಲ ಅತ್ಯಲ್ಪ. ಉಳಿದದ್ದನ್ನು ಅಳೆದು ಯಂತ್ರಕ್ಕೆ ತಿಳಿಸಿಡುತ್ತಾರೆ. ಆದರೆ ಅದನ್ನು ಅಳೆಯಬೇಕೆಂದು ಬಲ್ಲವನೊಬ್ಬನು ಬೇಕಷ್ಟೆ? 1953ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಹುಟ್ಟಿದ ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಹಿಡಿಕೆ ತಿರುಗಿಸಿದ ಕೈಗಳಿಂದಲೇ. ಅವರು ಮಾತನಾಡದೆ ಎದ್ದುಹೋದರು.

ಮರುದಿನ ಬೆಳಗ್ಗೆ ಹುಡುಗ ಎಂದಿನ ಹೊತ್ತಿಗೆ ಹೊರಟನು. ಸಂಜೆ ಗೇಟಿನಿಂದಲೇ ಕೂಗಿದನು: "ಏಳು ಗೆರೆ, ಮಾಮ!"

ತನ್ನ ಯಂತ್ರದ ಸಡಿಲವನ್ನು ಅವನು ತಾನೇ ಅಳೆದು ಬಂದಿದ್ದನು.